ಕಾಲಿನ ಕಂಪನಿ, ಬೋಳು ಕಂಪನಿ

ಆ ಮನೆಯಲ್ಲಿ ಜಗತ್ತಿನ ಎರಡು ದೊಡ್ಡ ಚಿಪ್ ಕಂಪನಿಗಳಿಗೂ ಸ್ವಂತ ಹೆಸರಿನಿಂದ ಕರೆಸಿಕೊಳ್ಳುವ ಯೋಗವಿರಲಿಲ್ಲ. ಒಂದು ಕಾಲಿನ ಕಂಪನಿ, ಇನ್ನೊಂದು ಬೋಳು ಕಂಪನಿ. ಹೆಸರಿಟ್ಟವರು ಮನೆಯ ಹಿರಿಯರು, ಸೊಸೆಯ ಮಾವ. ಮೂವತ್ತು ವರ್ಷದ ಹಿಂದೆ ಮನೆಯ ಕೆಳಗಿನ ಕೋಣೆಯಲ್ಲೇ ಕಂಪ್ಯೂಟರ್ ಜೋಡಿಸುವ, ಕೆಟ್ಟದ್ದನ್ನು ರಿಪೇರಿ ಮಾಡುವ ಅಂಗಡಿ ತೆರೆದವರು ಅವರು. ಒಂದು ಕಂಪನಿಯ ಪ್ರೊಸೆಸರ್ ಚಿಪ್ಪನ್ನು ಮಗುಚಿ ಹಾಕಿದರೆ ಹೊಟ್ಟೆಯ ತುಂಬ ಚಿನ್ನದ ಬಣ್ಣದ ಸಣ್ಣ ಸಣ್ಣ ಕಾಲುಗಳು, ಸಾವಿರದ ಮೇಲೆ. ಇನ್ನೊಂದು ಕಂಪನಿಯದನ್ನು ಮಗುಚಿದರೆ ಏನೂ ಇಲ್ಲ, ನುಣ್ಣಗೆ ಬೋಳು. ಆ ಕಂಪನಿಯವರು ಕಾಲುಗಳನ್ನು ಚಿಪ್ಪಿನಿಂದ ಕಿತ್ತು, ಅದು ಕೂರುವ ಮದರ್‌ಬೋರ್ಡಿನ ಸಾಕೆಟ್ಟಿಗೆ ಕೊಟ್ಟು ಇಪ್ಪತ್ತು ವರ್ಷವಾಗಿತ್ತು. ಮಾವನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ.

“ಕಾಲು ಇರಬೇಕಾದ್ದು ಕುರ್ಚಿಗೆ. ನೆಲಕ್ಕೆ ನಾಲ್ಕು ಕಾಲು ನೆಟ್ಟು ಅದರ ಮೇಲೆ ಹಲಗೆ ಇಟ್ಕೊಂಡು ಕೂರ್ತಾರಾ ಯಾರಾದ್ರೂ?” ಎಂದು ಅಂಗಡಿಗೆ ಬಂದವರನ್ನೆಲ್ಲ ಕೇಳುತ್ತಿದ್ದರು. ಬಂದವರು ಹೌದೌದು ಎನ್ನುತ್ತಿದ್ದರು. ತಮ್ಮ ಕಂಪ್ಯೂಟರ್ ಅವರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುವಾಗ ಅಲ್ಲ ಎನ್ನುವ ಧೈರ್ಯ ಯಾರಿಗಿದೆ?

ಆ ಕಾಲುಗಳಿಂದಲೇ ಅಂಗಡಿ ನಡೆಯುತ್ತಿತ್ತು ಎಂದರೂ ತಪ್ಪಿಲ್ಲ. ಚಿಪ್ಪಿನ ನೆತ್ತಿಯ ಮೇಲೆ ಫ್ಯಾನು ಕೂರಿಸುವಾಗ ಒಂದು ಪೇಸ್ಟು ಸವರುತ್ತಾರೆ. ವರ್ಷಗಳು ಕಳೆದು ಅದು ಒಣಗಿ ಗಟ್ಟಿಯಾಗುತ್ತದೆ. ಧೂಳು ತೆಗೆಯಲೆಂದು ಯಾರಾದರೂ ಫ್ಯಾನನ್ನು ಎಳೆದರೆ ಅದಕ್ಕಂಟಿಕೊಂಡು ಚಿಪ್ಪೂ ಎದ್ದುಬರುತ್ತದೆ, ಕೈಜಾರಿ ನೆಲಕ್ಕೆ ಬೀಳುತ್ತದೆ, ಹತ್ತಾರು ಕಾಲು ಸೊಟ್ಟಗಾಗುತ್ತವೆ. ಒಂದೇ ಒಂದು ಕಾಲು ಸೊಟ್ಟಗಿದ್ದರೂ ಚಿಪ್ಪು ಸಾಕೆಟ್ಟಿಗೆ ಇಳಿಯುವುದಿಲ್ಲ. ಅಂಥದ್ದನ್ನು ಮುರಿಯದೆ ನೆಟ್ಟಗೆ ಮಾಡುವ ಕೈ ಆ ಪೇಟೆಯಲ್ಲಿ ಒಂದೇ ಇತ್ತು. ಅದು ಈ ಮನೆಯ ಸೊಸೆಯದು.

ಹದಿನೇಳು ವರ್ಷದ ಹಿಂದೆ, ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುವುದನ್ನು ಮಾವ ನೋಡಿದರು. ಎಂಜಲು ಹಚ್ಚಲಿಲ್ಲ, ಕಣ್ಣು ಕಿರಿದು ಮಾಡಲಿಲ್ಲ, ಒಂದೇ ಸಲಕ್ಕೆ ದಾರ ಒಳಗೆ. ಮರುದಿನ ಒಂದು ಹಾಳು ಚಿಪ್ಪನ್ನೂ, ಗುಂಡಿ ಒತ್ತಿದರೆ ಸೀಸ ಬರುವ ಪೆನ್ಸಿಲ್ಲೊಂದನ್ನು ಸೀಸ ತೆಗೆದು ಅದನ್ನೂ ಅವಳ ಕೈಗಿಟ್ಟರು. ಪೆನ್ಸಿಲ್ಲಿನ ಟೊಳ್ಳು ತುದಿಯೊಳಗೆ ಸೊಟ್ಟ ಕಾಲನ್ನು ಸೇರಿಸಿ ಮೆಲ್ಲಗೆ ಎತ್ತಿ ನಿಲ್ಲಿಸುವುದು ಮಾವನ ಉಪಾಯ. “ಉಸಿರು ಬಿಡ್ತಾ ಎತ್ತು. ಎಳ್ಕೊಳ್ಳುವಾಗ ಎತ್ತಬೇಡ,” ಎಂದಷ್ಟೇ ಹೇಳಿಕೊಟ್ಟರು. ಐದಾರು ವರ್ಷದಲ್ಲಿ ಮಾವನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು, ಕಾಲಿನ ಕೆಲಸ ಪೂರ್ತಿ ಸೊಸೆಯ ಪಾಲಿಗೆ ಬಂತು. ಚಿಪ್ಪಿನ ಕಾಲಿಗೆ ಅಂಗಡಿಗಳ ಭಾಷೆಯಲ್ಲಿ ಪಿನ್ನು, ಹಾಗಾಗಿ ಪೇಟೆಯವರು ಅವಳನ್ನು ಪಿನ್ನಕ್ಕ ಎಂದರು. ಗಲ್ಲಾದಲ್ಲಿ ಕೂರುವ ಗಂಡನಿಗೆ, ಪಾಪ, ಅಂಥ ಹೆಸರೇನೂ ಬರಲಿಲ್ಲ. ಅವನು ಪಿನ್ನಕ್ಕನ ಯಜಮಾನರು.

ಮನೆಯಲ್ಲಿ ಕಿರಿಕಿರಿ ಶುರುವಾದದ್ದು ಒಂದು ಭಾನುವಾರ, ಊಟದ ಮೇಜಿನಲ್ಲಿ. ಸುದ್ದಿ ತಂದವಳು ಸೊಸೆಯ ಮಗಳು, ಹದಿನಾರರ ಹುಡುಗಿ. ಯಾವ ಕಂಪನಿಯ ಚಿಪ್ಪು ಯಾವುದಕ್ಕಿಂತ ಎಷ್ಟು ವೇಗ ಎಂಬುದನ್ನು ಅವಳು ಬೇರೆ ಮಕ್ಕಳು ಆಟದ ಸ್ಕೋರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು.

“ಅಜ್ಜಾ, ನಿಮ್ಮ ಕಂಪನಿದು ಹೊಸ ಚಿಪ್ ಬಂದಿದೆ. ಬೋಳು ಕಂಪನೀನ ಎಲ್ಲಾ ಟೆಸ್ಟಲ್ಲೂ ಮಣ್ಣು ಮುಕ್ಕಿಸಿದೆಯಂತೆ.”

“ನಾನು ಹೇಳಿರಲಿಲ್ವಾ?” ಮಾವ ತಟ್ಟೆಯಿಂದ ತಲೆಯೆತ್ತಿ ಮಗನ ಕಡೆ ನೋಡಿದರು.

“ಪೂರ್ತಿ ಕೇಳಿ. ಅದಕ್ಕೆ ಕಾಲಿಲ್ಲ.”

“ಏನಿಲ್ಲ?”

“ಕಾಲಿಲ್ಲ ಅಜ್ಜ. ಅವರೂ ತೆಗೆದುಬಿಟ್ರು. ಇನ್ಮೇಲೆ ಇವರದ್ದೂ ಬೋಳೇ. ಕಾಲೆಲ್ಲ ಬೋರ್ಡಿಗೆ.”

“ಯಾರೋ ಪೋಕರಿಗಳು ಹಾಕಿರೋ ವಿಡಿಯೋ ಅದು.”

“ಕಂಪನಿಯವರೇ ಹಾಕಿರೋದು!”

“ಕಾಲಿಲ್ಲದಿದ್ರೆ ಎಲ್ಲಿಗೂ ಓಡಿಹೋಗಲ್ಲ ಬಿಡಿ,” ಎಂದರು ಅತ್ತೆ. “ಸಾರು ಆರ್ತಿದೆ, ಊಟ ಮಾಡಿ.”

ಅನ್ನ ಕಲಸುತ್ತಿದ್ದ ಸೊಸೆಯ ಬೆರಳುಗಳು ಒಂದು ಗಳಿಗೆ ನಿಂತವು.

ಮೂರು ವಾರಕ್ಕೆ ಆ ಹೊಸ ಚಿಪ್ಪಿನ ಪೆಟ್ಟಿಗೆ ಅಂಗಡಿಗೆ ಬಂತು. ಮಾವ ಯಾರಿಗೂ ಕೈಹಚ್ಚಲು ಬಿಡದೆ ತಾವೇ ಬಿಚ್ಚಿದರು. ಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿದರು. ನುಣ್ಣಗಿತ್ತು. ಭೂತಗನ್ನಡಿ ಹಿಡಿದು ನೋಡಿದರು, ಕಾಲು ಎಲ್ಲಾದರೂ ಬಚ್ಚಿಟ್ಟುಕೊಂಡಿದೆಯೋ ಏನೋ ಎಂಬಂತೆ. ಆಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು, ಕೈತೊಳೆದು ಮೇಲೆ ಹೋಗಿ ಮಲಗಿದರು. ಸಂಜೆ ಐದಕ್ಕೆ ಮಲಗುವ ಮನುಷ್ಯರಲ್ಲ ಅವರು.

ಅವರ ಸಂಕಟವೂ ಸುಮ್ಮನೆ ಬಂದದ್ದಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಕಾಲಿನ ಕಂಪನಿ ಮುಳುಗಿಯೇಹೋಯಿತು ಎನ್ನುವ ಕಾಲವಿತ್ತು. ಅದರ ಚಿಪ್ಪುಗಳು ಒಲೆಯಂತೆ ಕಾಯುತ್ತಿದ್ದವು, ಓಡುವುದರಲ್ಲಿ ಹಿಂದೆ. ಪೇಟೆಯ ಅಂಗಡಿಗಳೆಲ್ಲ ಒಂದೊಂದಾಗಿ ಬೋಳು ಕಂಪನಿಯ ಫಲಕ ತಗುಲಿಸಿಕೊಂಡವು. ಮಾವ ಮಾತ್ರ ತಗುಲಿಸಲಿಲ್ಲ. ಮುಂದೆ ಕಾಲಿನ ಕಂಪನಿ ಎದ್ದು ನಿಂತು ದೊಡ್ಡಣ್ಣನಾದ ಬೋಳು ಕಂಪನಿಯ ಬೆವರಿಳಿಸಿದಾಗ, ಆ ಚಿಪ್ಪನ್ನು ತಾವೇ ಕೂತು ಮಾಡಿದ ಹಾಗೆ ಬೀದಿಯಲ್ಲಿ ಎದೆಯುಬ್ಬಿಸಿ ನಡೆದರು. ಈಗ ಅದೇ ಕಂಪನಿ ಗೆದ್ದದ್ದು ಎದುರಾಳಿಯ ದಾರಿ ಹಿಡಿದು. ಅದು ಸೋತಿದ್ದರೂ ಅವರಿಗೆ ಇಷ್ಟು ನೋವಾಗುತ್ತಿರಲಿಲ್ಲ.

ನೋವಿನ ಮಾತು ಹಾಗಿರಲಿ, ತಿಂಗಳುಗಳು ಕಳೆದಂತೆ ಕೆಲಸ ಕಡಿಮೆಯಾಯಿತು. ವಾರಕ್ಕೆ ಹತ್ತು ಹದಿನೈದು ಸೊಟ್ಟ ಚಿಪ್ಪು ಬರುತ್ತಿದ್ದ ತಟ್ಟೆಯಲ್ಲಿ ಈಗ ಎರಡೋ ಮೂರೋ. ಹಳೆಯ ಕಂಪ್ಯೂಟರುಗಳು ಸಾಯುತ್ತಿದ್ದವು, ಹೊಸದಕ್ಕೆ ಕಾಲಿಲ್ಲ. ಮಧ್ಯಾಹ್ನದ ಪಾತ್ರೆ ತೊಳೆದು ಸೊಸೆ ಅಂಗಡಿಗಿಳಿದರೆ ಮಾಡಲು ಏನೂ ಇರುತ್ತಿರಲಿಲ್ಲ. ಕೇಬಲ್ಲುಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡುವಳು. ಮರುದಿನ ಅವೇ ಕೇಬಲ್ಲುಗಳನ್ನು ಬಿಚ್ಚಿ ಮತ್ತೆ ಸುತ್ತುವಳು.

“ಬೋಳು ಕಂಪನಿ ಮಾಲೂ ಇಡೋಣಪ್ಪ,” ಎಂದ ಗಂಡ. “ಕೇಳ್ಕೊಂಡು ಬರೋರನ್ನ ವಾಪಸ್ ಕಳಿಸ್ತಾ ಎಷ್ಟು ದಿನ ಇರೋದು?”

“ನಾನು ಸತ್ಮೇಲೆ ಇಡು.”

“ಅದೊಂದು ಮಾತು ಸದಾ ಇರುತ್ತೆ ನಿಮ್ಮ ಬಾಯಲ್ಲಿ.”

“ಸದಾ ಇದ್ರೂ ನೀನು ಒಂದು ದಿನಾನೂ ನೆಟ್ಟಗೆ ಕೇಳಿಲ್ವಲ್ಲ.”

ಅತ್ತೆ ಚಹಾ ತಂದು ಇಬ್ಬರ ನಡುವೆ ಇಟ್ಟರು. ಆ ಮನೆಯಲ್ಲಿ ಅಪ್ಪ ಮಗನ ಜಗಳ ನಿಲ್ಲುವುದು ಯಾರಾದರೂ ಸೋತು ಅಲ್ಲ, ಚಹಾ ಆರುತ್ತದೆಂದು.

ಅದೇ ವಾರ ಸೊಸೆಗೆ ಫೋನು ಬಂತು. ಬೋಳು ಕಂಪನಿಯ ಸರ್ವಿಸ್ ಸೆಂಟರಿನಿಂದ. ಪೇಟೆಯ ಆ ತುದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಮಳಿಗೆ ಅದು. ಮಾವ ಅದರ ಮುಂದೆ ಹೋಗಬೇಕಾದರೆ ರಸ್ತೆ ದಾಟಿ ಎದುರು ಬದಿಯಲ್ಲಿ ನಡೆಯುತ್ತಿದ್ದರು. ಅಲ್ಲಿನ ಮುಖ್ಯಸ್ಥೆ ನರೆಗೂದಲಿನ ತೆಳ್ಳನೆಯ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡವಳು. ಎಲ್ಲರೂ ಮೇಡಂ ಎನ್ನುತ್ತಿದ್ದರು. ಮರುದಿನ ಮನೆಯಲ್ಲಿ ಹೇಳದೆ ಸೊಸೆ ಅಲ್ಲಿಗೆ ಹೋದಳು.

“ಕೂತ್ಕೊಳಿ. ಪಿನ್ನಕ್ಕ ಅಂದ್ರೆ ನೀವೇ ಅಲ್ವಾ? ಕೈ ತೋರಿಸಿ,” ಎಂದಳು ಮೇಡಂ.

ಸೊಸೆ ಕೈ ಚಾಚಿದಳು. ಬೆರಳು ನಡುಗುವುದಿಲ್ಲ ಎಂದು ಮೇಡಂ ನೋಡಿಕೊಂಡಳು.

ಸಾಕೆಟ್ಟಿನ ಕಾಲು ಕೆಟ್ಟ ಬೋರ್ಡುಗಳನ್ನು ಇಷ್ಟು ದಿನ ಅವರು ರಿಪೇರಿಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲವಂತೆ. ಈಗ ಎರಡೂ ಕಂಪನಿಗಳ ಕಾಲು ಬೋರ್ಡಿನಲ್ಲೇ ಇರುವುದರಿಂದ ದಿನಾ ಜನ ಬಂದು ಜಗಳ ತೆಗೆಯುತ್ತಾರಂತೆ. ಅದಕ್ಕೆಂದೇ ಒಬ್ಬರನ್ನು ಇಟ್ಟುಕೊಳ್ಳಬೇಕು, ಇರುವುದು ಒಂದೇ ಜಾಗ. ಮೇಡಂ ಒಂದು ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಪಕ್ಕದ ಪರದೆಯ ಮೇಲೆ ಸಾಕೆಟ್ಟನ್ನು ತೋರಿಸಿದಳು.

“ಚೆನ್ನಾಗಿ ನೋಡಿ. ಇವು ಚಿಪ್ಪಿನ ಕಾಲಿನ ಥರ ಅಲ್ಲ. ಇವು ಸ್ಪ್ರಿಂಗು. ಎಲ್ಲಾ ಒಂದೇ ಕಡೆ ಓರೆಯಾಗಿ ಮಲಗಿರಬೇಕು. ಮೇಲಿಂದ ಚಿಪ್ ಕೂತಾಗ ಬಾಗಿ, ವಾಪಸ್ ಒತ್ತಬೇಕು. ನೆಟ್ಟಗೆ ನಿಂತ್ರೆ ಕೆಲಸಕ್ಕೆ ಬರಲ್ಲ.”

ಪರದೆಯ ಮೇಲೆ ಸಾವಿರದ ಏಳುನೂರು ಕಾಲುಗಳು ಗಾಳಿಗೆ ಬಾಗಿದ ಹುಲ್ಲಿನಂತೆ ಒಂದೇ ಕಡೆ ವಾಲಿದ್ದವು. ಒಂದು ಮೂಲೆಯಲ್ಲಿ ಮಾತ್ರ ಇಪ್ಪತ್ತಮೂರು ಕಾಲು ಯಾರೋ ತುಳಿದ ಹಾಗೆ ಅಡ್ಡಾದಿಡ್ಡಿ.

“ಗಿರಾಕಿ ಬೇರೆ ಬೋರ್ಡು ಕೊಂಡು ಇದನ್ನ ಬಿಟ್ಟುಹೋಗಿದಾನೆ. ಆ ಮೂಲೆ ಸರಿಮಾಡಿ, ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ತನ್ನಿ. ನೋಡಿ ಹೇಳ್ತೀನಿ.”

ಸಂಬಳ ಎಷ್ಟೆಂದೂ ಹೇಳಿದಳು. ದಾರಿಯುದ್ದಕ್ಕೂ ಸೊಸೆ ಬೋರ್ಡಿನ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ನಡೆದಳು. ಹದಿನೇಳು ವರ್ಷ ಅವಳು ಅಂಗಡಿಯಲ್ಲಿ ದುಡಿದದ್ದು ಮನೆಗೆಲಸದ ಲೆಕ್ಕದಲ್ಲೇ ಸೇರಿಹೋಗಿತ್ತು. ಪಾತ್ರೆ, ಬಟ್ಟೆ, ಕಾಲು. ಅವಳ ಕೈಯನ್ನೇ ಕೇಳಿಕೊಂಡು ಒಬ್ಬರು ಬಂದದ್ದು ಇದೇ ಮೊದಲು. ಆ ಕೆಲಸ ಅವಳಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಮನೆಯ ಮೆಟ್ಟಿಲು ಹತ್ತುವಾಗ ಹೇಗೆ ಹೇಳುವುದೆಂಬ ಭಯಕ್ಕಿಂತ ಅದೇ ಹೆಚ್ಚಾಗಿತ್ತು.

ಊಟಕ್ಕೆ ಕೂತಾಗ ಹೇಳಿದಳು.

ಮೊದಲು ಮಾತಾಡಿದವನು ಗಂಡ. “ಅಂಗಡಿ ಇಟ್ಕೊಂಡಿರೋನ ಹೆಂಡತಿ ಎದುರು ಪಾರ್ಟಿ ಹತ್ರ ಕೆಲಸಕ್ಕೆ ಹೋದ್ರೆ ಪೇಟೇಲಿ ನನ್ನ ಮುಖ ಏನಾಗುತ್ತೆ?”

“ಈಗ ಏನಾಗಿದೆಯೋ ಅದೇ ಇರುತ್ತೆ ರೀ. ವರ್ಷ ಬಿಟ್ಟು ಇವಳ ಕಾಲೇಜು. ನಿಮ್ಮ ಮುಖ ಕಟ್ಟುತ್ತಾ ಫೀಸು?”

ಗಂಡ ಮೊಟ್ಟೆ ಸುಲಿಯುವುದರಲ್ಲಿ ಮುಳುಗಿದ. ಒಳಗೊಳಗೆ ಅವನಿಗೂ ಆ ಸಂಬಳ ಬೇಕಿತ್ತು, ಅದನ್ನು ಹೇಳುವುದು ಮಾತ್ರ ಬೇಕಿರಲಿಲ್ಲ.

ಮಾವ ಕೈ ತೊಳೆದುಕೊಂಡರು, ತಟ್ಟೆಯಲ್ಲಿ ಇನ್ನೂ ಅರ್ಧ ಊಟವಿತ್ತು. “ನನ್ನ ಕೈಲಿ ಕಲಿತು ಅಲ್ಲಿಗೆ ಹೋಗ್ತೀಯಾ?”

“ಮಾವ, ಅಲ್ಲಿ ಕಾಲುಗಳೇ ಬೇರೆ ಥರ. ಅವು...”

“ನನ್ನ ತಟ್ಟೆ ಮುಂದೆ ಆ ಕಂಪನಿ ಮಾತು ಬೇಡ.”

“ಅದಲ್ಲ ಮಾವ, ಒಂದು ನಿಮಿಷ ಕೇಳಿ, ಅವು ಚಿಪ್ಪಿನ ಕಾಲಿನ ಹಾಗೆ...”

“ಬೇಡ ಅಂದೆ!”

“ಈಗ ಎರಡೂ ಬೋಳೇ ಅಲ್ವಾ ಅಜ್ಜ,” ಎಂದಳು ಮಗಳು. “ಇನ್ನು ಯಾರ ಮೇಲೆ ಯಾರ ಜಗಳ ನಿಮ್ಮದು?”

ಅತ್ತೆ ಮೊಮ್ಮಗಳ ಮಂಡಿಗೆ ಮೇಜಿನ ಕೆಳಗೆ ಒಂದು ಕೊಟ್ಟರು. ಮಾವ ಎದ್ದು ಹೋದರು.

ಅಂದಿನಿಂದ ಮಾವ ಸೊಸೆಯ ಜತೆ ಮಾತು ಬಿಟ್ಟರು. ಮಾತು ಬಿಟ್ಟರು ಎಂದರೆ ಮಾತೇ ಆಡಲಿಲ್ಲ ಎಂದಲ್ಲ. “ನನ್ನ ಕನ್ನಡಕ ಎಲ್ಲಿಟ್ಟಿದಾಳೆ ಕೇಳು,” ಎಂದು ಅತ್ತೆಗೆ ಹೇಳುವರು, ಸೊಸೆ ಅವರ ಮುಂದೆಯೇ ನೆಲ ಒರೆಸುತ್ತಿರುವಾಗ. “ಅವರ ತಲೆ ಮೇಲಿದೆ ಅಂತ ಹೇಳಿ ಅತ್ತೆ,” ಎನ್ನುವಳು ಸೊಸೆ. “ಇಬ್ರಿಗೂ ಪೋಸ್ಟ್‌ಮ್ಯಾನ್ ಕೆಲಸ ಮಾಡೋಕೆ ನನ್ನ ಕೈಲಾಗಲ್ಲ. ಸ್ಟಾಂಪು ಕೊಡಿ ಮೊದಲು,” ಎಂದು ಅತ್ತೆ ರೇಗುವರು. ಮಗಳು ನಗುವಳು. ಉಳಿದವರಿಗೆ ನಗು ಬರುತ್ತಿರಲಿಲ್ಲ.

ಸೊಸೆ ಬೋರ್ಡನ್ನು ಮಹಡಿಯ ಕೋಣೆಯ ಕಿಟಕಿ ಪಕ್ಕದ ಮೇಜಿನ ಮೇಲಿಟ್ಟುಕೊಂಡಳು. ಮಧ್ಯಾಹ್ನ ಬಟ್ಟೆ ಒಣಹಾಕಿದ ಮೇಲೆ ಎರಡು ಗಂಟೆ ಕೂರುವಳು. ಮೊದಲೆರಡು ದಿನ ಹಳೆಯ ಅಭ್ಯಾಸ ಅವಳನ್ನು ಕಾಡಿತು. ಚಿಮುಟದಲ್ಲಿ ಹಿಡಿದ ಕೂಡಲೆ ಕೈ ತಾನಾಗಿಯೇ ಕಾಲನ್ನು ಎತ್ತಿ ನಿಲ್ಲಿಸಲು ಹೋಗುತ್ತಿತ್ತು. ಪಕ್ಕದ ಕಾಲನ್ನು ನೋಡಿ, ಅದರ ಓರೆಯನ್ನು ಅಳೆದು, ಅಷ್ಟೇ ಓರೆಗೆ ತಂದು ಬಿಡಬೇಕು. ದಿನಕ್ಕೆ ಎರಡು, ಮೂರು. ಎರಡನೆಯ ವಾರದ ಗುರುವಾರ ಇಪ್ಪತ್ತಮೂರನೆಯದೂ ತನ್ನ ನೆರೆಯವರ ಜತೆ ವಾಲಿ ನಿಂತಿತು. ಸೊಸೆ ಕುರ್ಚಿಗೊರಗಿ, ಯಾರೂ ಇಲ್ಲದ ಕೋಣೆಯಲ್ಲಿ ಜೋರಾಗಿ ನಕ್ಕಳು.

ಶುಕ್ರವಾರ ಬೆಳಿಗ್ಗೆ ತವರಿನಿಂದ ಫೋನು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಸೊಸೆ ಬೋರ್ಡಿನ ಮೇಲೆ ಪೆಟ್ಟಿಗೆ ಕವುಚಿ, “ಮುಟ್ಟಿದ್ರೆ ಕೈ ಮುರೀತೀನಿ,” ಎಂದು ಮಗಳಿಗೆ ಹೇಳಿ ಬಸ್ಸು ಹತ್ತಿದಳು. ಮಾವನಿಗೆ ಏನೂ ಹೇಳಲಿಲ್ಲ. ಮಾತೇ ಇರಲಿಲ್ಲವಲ್ಲ.

ಭಾನುವಾರ ಮಧ್ಯಾಹ್ನ ಅವಳು ವಾಪಸು ಬಂದಾಗ ಅತ್ತೆಯ ಮುಖ ಅರಳಿತ್ತು.

“ನಿಮ್ಮಮ್ಮ ಹೇಗಿದಾರೆ? ಕೈಗೆ ಹಾಕಿದಾರಾ ಪಟ್ಟಿ? ಸರಿ, ಮೊದಲು ಮೇಲೆ ಹೋಗು. ಅವರ ಮನಸ್ಸು ಕರಗಿದೆ ಕಣೆ. ಎರಡು ದಿನದಿಂದ ನಿನ್ನ ಮೇಜು ಬಿಟ್ಟು ಎದ್ದಿಲ್ಲ. ನಿನ್ನೆ ಊಟಾನೂ ಅಲ್ಲಿಗೇ ತಂದುಕೊಡು ಅಂದ್ರು.”

ಸೊಸೆ ಚೀಲವನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಓಡಿದಳು.

ಮಾವ ಕಿಟಕಿಯ ಬಳಿ ಕೂತಿದ್ದರು. ಕಣ್ಣು ಕೆಂಪಾಗಿತ್ತು, ಪೊರೆ ತೆಗೆದ ಕಣ್ಣಿನಿಂದ ನೀರು ಸೋರುತ್ತಿತ್ತು. ಎರಡು ವಾರದ ಮೇಲೆ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದರು.

“ಬಾಮ್ಮಾ, ಕೂತ್ಕೋ. ಬೇಜಾರು ಮಾಡ್ಕೋಬೇಡ. ನಿನ್ನ ಕಣ್ಣು ಕೈಕೊಡ್ತಿದೆ. ಹೇಳೋಕೆ ನಿನಗೆ ಸಂಕೋಚ ಅಂತ ನನಗೆ ಗೊತ್ತು. ನಾನೂ ಹೀಗೇ ಎರಡು ವರ್ಷ ಮುಚ್ಚಿಟ್ಟಿದ್ದೆ.”

“ಏನ್ ಮಾಡಿದ್ರಿ ಮಾವ?”

“ನೀನು ಹೋದ್ಮೇಲೆ ಸುಮ್ನೆ ನೋಡೋಣ ಅಂತ ಪೆಟ್ಟಿಗೆ ಎತ್ತಿದೆ. ಎದೆ ಧಸಕ್ ಅಂತು. ಎಲ್ಲಾ ಸೊಟ್ಟ! ನೀನು ಮಾಡಿದ್ದೂ ಸೊಟ್ಟ, ಮಾಡದೇ ಇದ್ದಿದ್ದೂ ಸೊಟ್ಟ. ಇದನ್ನ ತಗೊಂಡು ಅವರ ಮುಂದೆ ಹೋದ್ರೆ ನಗ್ತಾರೆ. ಪಿನ್ನಕ್ಕ ಅಂದ್ರೆ ಇಷ್ಟೇನಾ ಅಂತಾರೆ. ನೀನು ಅಲ್ಲಿಗೆ ಹೋಗೋದು ನನಗೆ ಇಷ್ಟ ಇಲ್ಲ, ಅದು ಬೇರೆ. ಆದ್ರೆ ನನ್ನ ಸೊಸೇನ ನೋಡಿ ಅವರು ನಗೋದು ಬೇಡ.” ಅವರು ಬೋರ್ಡನ್ನು ಅವಳ ಕಡೆ ತಿರುಗಿಸಿದರು. “ಅರ್ಧ ಮುಗಿದಿದೆ ನೋಡು. ಎತ್ತಿ ನಿಲ್ಲಿಸೋದಷ್ಟೇ ತಾನೆ, ನಿಮಿಷಕ್ಕೊಂದು. ನೀನು ಮಾಡಿದ್ದ ಮೂಲೆಯಿಂದಲೇ ಶುರು ಮಾಡಿದೆ. ಇವತ್ತೂ ಕೂತ್ರೆ ಇನ್ನಷ್ಟಾಗುತ್ತೆ.”

ಭೂತಗನ್ನಡಿ ಬೇಕಾಗಿರಲಿಲ್ಲ. ಬೆಳಕಿಗೆ ಹಿಡಿದಾಗಲೇ ಕಾಣುತ್ತಿತ್ತು. ಸಾಕೆಟ್ಟಿನ ಒಂದು ಅರ್ಧದಲ್ಲಿ ಕಾಲುಗಳು ವಾಲಿದ್ದವು. ಇನ್ನೊಂದು ಅರ್ಧದಲ್ಲಿ ಎಂಟುನೂರಕ್ಕೂ ಹೆಚ್ಚು ಕಾಲುಗಳು ಒಂದೊಂದೂ ನೆಟ್ಟಗೆ, ಗೆರೆ ಎಳೆದ ಹಾಗೆ ನಿಂತಿದ್ದವು. ಅವಳ ಇಪ್ಪತ್ತಮೂರು ಎಲ್ಲಿದ್ದವೆಂದು ಅವಳಿಗೇ ಗುರುತು ಸಿಗಲಿಲ್ಲ.

“ಮಾವ,” ಎಂದಳು. “ಅವು ಓರೆಯಾಗೇ ಇರಬೇಕಿತ್ತು.”

“ಹುಚ್ಚಿ. ಕಾಲು ಯಾವತ್ತಾದ್ರೂ ಓರೆ ಇರುತ್ತಾ?”

“ಇದರಲ್ಲಿ ಇರುತ್ತೆ ಮಾವ. ಅದೇ ಹೇಳೋಕೆ ಬಂದಿದ್ದೆ ಅವತ್ತು ಊಟದಲ್ಲಿ.”

ಮಾವ ನಂಬಲಿಲ್ಲ. ಮಗಳು ಬಂದು ಫೋನಿನಲ್ಲಿ ಹೊಸ ಸಾಕೆಟ್ಟಿನ ಚಿತ್ರ ಹುಡುಕಿ ತೋರಿಸಿದಳು. ಮಾವ ಫೋನಿನ ಮೇಲೆ ಭೂತಗನ್ನಡಿ ಹಿಡಿದು ನೋಡಿದರು. ಇನ್ನೊಂದು ಚಿತ್ರ ತೋರಿಸೆಂದರು. ಎರಡೂ ಕಂಪನಿಯ ಸಾಕೆಟ್ಟು ತೋರಿಸೆಂದರು. ತೋರಿಸಿದಳು. ಆಮೇಲೆ ಅವರು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು.

ಕೆಳಗಿನಿಂದ ಬಂದ ಗಂಡ ಬಾಗಿಲಲ್ಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಬೇಕಂತಲೇ ಮಾಡಿದ್ದು ಇದು! ಅವಳು ಅಲ್ಲಿಗೆ ಹೋಗಬಾರದು ಅಂತ ಇತ್ತಲ್ಲ, ಈಗ ಆಯ್ತಲ್ಲ ನಿಮ್ಮ ಸಮಾಧಾನ?”

“ಸುಮ್ನಿರಿ,” ಎಂದಳು ಸೊಸೆ. “ಹೊಟ್ಟೆಕಿಚ್ಚಿಗೆ ಯಾರೂ ಎಂಟುನೂರು ಕಾಲು ನೆಟ್ಟಗೆ ನಿಲ್ಲಿಸಲ್ಲ.”

“ಹಾಗಾದ್ರೆ ವಾಪಸ್ ಬಗ್ಗಿಸು,” ಎಂದ ಗಂಡ.

ಅವಳು ಚಿಮುಟ ತೆಗೆದುಕೊಂಡು ಕೂತಳು. ಮೊದಲನೆಯ ಕಾಲು ಮುಟ್ಟುತ್ತಲೇ ಬುಡದಲ್ಲಿ ಮುರಿಯಿತು. ಎರಡನೆಯದು ಬಾಗಿತು, ಸ್ಪ್ರಿಂಗಿನ ಬಿಗಿ ಸತ್ತು ಹಾಗೇ ಮಲಗಿಬಿಟ್ಟಿತು. ಮೂರನೆಯದೂ ಮುರಿಯಿತು. ನಾಲ್ಕನೆಯದಕ್ಕೆ ಅವಳು ಕೈ ಹಾಕಲಿಲ್ಲ. ಚಿಮುಟ ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಕೋಪ ಬಂದಿತ್ತು, ತುಂಬಾ ಬಂದಿತ್ತು. ಆ ಕೆಂಪು ಕಣ್ಣಿನ ಎದುರು ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

ಅಂದು ಮಾವ ಊಟ ಮಾಡಲಿಲ್ಲ. ಕರೆಯಲು ಹೋದ ಅತ್ತೆ ತಟ್ಟೆ ಸಮೇತ ಹಿಂದಿರುಗಿದರು.

ಸೋಮವಾರ ಬೆಳಿಗ್ಗೆ ಸೊಸೆ ಪೆಟ್ಟಿಗೆ ಹಿಡಿದು ಹೊರಟಾಗ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು.

“ನೀವ್ಯಾಕೆ ಮಾವ?”

“ಬರ್ತೀನಿ.”

ಬೇಡವೆಂದರೂ ಕೇಳಲಿಲ್ಲ. ದಾರಿಯಲ್ಲಿ ಸೊಸೆ ತನ್ನ ಯೋಚನೆ ಹೇಳಿದಳು. “ನನ್ನದೇ ಕೈತಪ್ಪು ಅಂತ ಹೇಳ್ತೀನಿ. ಇನ್ನೊಂದು ಬೋರ್ಡು ಕೊಡಿ ಅಂತ ಕೇಳ್ತೀನಿ. ಅಷ್ಟೇ. ನೀವು ಏನೂ ಮಾತಾಡಬೇಡಿ.”

ಮಾವ ಹೂಂ ಎಂದರು. ಗಾಜಿನ ಬಾಗಿಲ ಮುಂದೆ ಬಂದಾಗ ಅವರ ಕಾಲು ಅಭ್ಯಾಸಬಲದಿಂದ ಎದುರು ಬದಿಗೆ ತಿರುಗಿತು. ಆಮೇಲೆ ಅಂಗಿಯ ಕಾಲರು ಸರಿಮಾಡಿಕೊಂಡು ಒಳಗೆ ಬಂದರು.

ಮೇಡಂ ಬೋರ್ಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪರದೆಯ ಮೇಲೆ ಅರ್ಧ ಹುಲ್ಲು, ಅರ್ಧ ಮೊಳೆ. ಬಹಳ ಹೊತ್ತು ನೋಡಿದಳು.

“ಇದೇನ್ರೀ ಇದು?”

“ನನ್ನ ತಪ್ಪು ಮೇಡಂ. ಹಳೇ ಅಭ್ಯಾಸ. ಕೈ ಕೇಳಲಿಲ್ಲ.”

“ಕೈ ಕೇಳಲಿಲ್ಲ ಸರಿ. ಕಣ್ಣಿಗೇನಾಗಿತ್ತು? ಅಷ್ಟು ಬಿಡಿಸಿ ಹೇಳಿ ಕಳಿಸಿದೀನಿ. ಪಕ್ಕದ್ದೆಲ್ಲ ಓರೆ ಇರೋದು ಕಾಣಲಿಲ್ವಾ? ಹದಿನೇಳು ವರ್ಷ ಇದೇ ಕೆಲಸ ಮಾಡಿದವರು ಅಂತೀರಿ, ಯಾರು ಕಲಿಸಿದ್ರು ನಿಮಗೆ?”

ಸೊಸೆ ತಲೆ ತಗ್ಗಿಸಿ ನಿಂತಳು. ಇಷ್ಟನ್ನು ಅವಳು ಎಣಿಸಿಕೊಂಡೇ ಬಂದಿದ್ದಳು.

ಮೇಡಂ ಕನ್ನಡಕ ತೆಗೆದು ಕೊರಳಿಗೆ ಬಿಟ್ಟಳು. ಸ್ವರ ಸ್ವಲ್ಪ ಇಳಿಯಿತು. “ಕಾಲಿನ ಚಿಪ್ಪು ಮಾಡಿ ರೂಢಿ ಆದವರು ಮೊದಲ ಸಲ ಹೀಗೇ ಎಡವ್ತಾರೆ, ನಾನೂ ಎಡವಿದೀನಿ. ಆದ್ರೂ ಇಷ್ಟೊಂದು ಕಾಲನ್ನ ಹೆಚ್ಚುಕಡಿಮೆ ಒಂದೂ ಮುರೀದ ಹಾಗೆ ಎತ್ತಿದೀರಲ್ಲ, ಆ ಕೈ ಸಾಮಾನ್ಯದ್ದಲ್ಲ. ಎರಡು ಮೂರೇ ಮುರಿದಿರೋದು.” ಹಿಂದಿನ ಬೀರು ತೆರೆದು ಇನ್ನೊಂದು ಬೋರ್ಡು ತೆಗೆದಳು. “ಇದನ್ನ ತಗೊಂಡು ಹೋಗಿ. ಈ ಸಲ...”

“ಅದು ಅವಳು ಮಾಡಿದ್ದಲ್ಲ,” ಎಂದರು ಮಾವ.

ಸೊಸೆ ಅವರ ತೋಳು ಹಿಡಿದಳು. “ಮಾವ.”

“ಇಲ್ಲಮ್ಮ, ಬಿಡು. ಅವಳ ಕಣ್ಣು ಚೆನ್ನಾಗಿದೆ ಮೇಡಂ. ಅವಳು ಮಾಡಿದ್ದು ಇಪ್ಪತ್ತಮೂರೂ ಸರಿಯಾಗಿತ್ತು. ಅವಳು ಊರಲ್ಲಿಲ್ಲದಾಗ ನಾನು ಎತ್ತಿ ನೆಟ್ಟಗೆ ಮಾಡಿದ್ದು. ಅವಳಿಗೆ ಕಲಿಸಿದವನೂ ನಾನೇ. ಬೈಯೋದಿದ್ರೆ ನನಗೆ ಬೈಯಿರಿ.”

ಮೇಡಂ ಕೈಯಲ್ಲಿ ಬೋರ್ಡು ಹಿಡಿದುಕೊಂಡೇ ಮಾವನನ್ನು ನೋಡಿದಳು, ಆಮೇಲೆ ಸೊಸೆಯನ್ನು.

“ಹೌದಾ?”

ಸೊಸೆ ಸುಳ್ಳು ಹೇಳಬಹುದಿತ್ತು. ಮಾವನ ಮುಖ ನೋಡಿದ ಮೇಲೆ ಅವಳಿಂದ ಆಗಲಿಲ್ಲ. “ಹೌದು ಮೇಡಂ.”

“ಹಾಗಾದ್ರೆ ಇನ್ನೂ ಕಷ್ಟ,” ಎಂದಳು ಮೇಡಂ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದಾಗಿತ್ತು. “ಕೈ ತಪ್ಪಿದ್ರೆ ತಿದ್ದಬಹುದು. ನಿಮ್ಮ ಕೈಗೆ ಕೊಟ್ಟ ವಸ್ತು ಇನ್ನೊಬ್ಬರ ಕೈಗೆ ಹೋಗುತ್ತೆ, ಕೇಳಿದ್ರೆ ನೀವು ನನಗೆ ಬೇರೆ ಕಥೆ ಹೇಳ್ತೀರಿ ಅಂದ್ರೆ ನಾನೇನು ಮಾಡ್ಲಿ? ಇಲ್ಲಿರೋದೆಲ್ಲ ಗಿರಾಕಿಗಳ ಸಾಮಾನು. ಇದೇ ಜಾಗಕ್ಕೆ ಬೋರ್ಡು ತಗೊಂಡು ಹೋಗಿದ್ದ ಇನ್ನೊಬ್ಬರು ಶನಿವಾರನೇ ತಂದುಕೊಟ್ಟಿದಾರೆ, ಪರವಾಗಿಲ್ಲ ಅನ್ನೋ ಹಾಗೆ ಮಾಡಿದಾರೆ. ಅವರನ್ನೇ ತಗೋತೀನಿ.”

ಬೋರ್ಡನ್ನು ಬೀರುವಿನಲ್ಲಿಟ್ಟು ಬಾಗಿಲು ಮುಚ್ಚಿದಳು.

ಹೊರಗೆ ಬಿಸಿಲು ಏರಿತ್ತು. ಅಂಗಡಿಗಳ ಶಟರುಗಳು ಒಂದೊಂದಾಗಿ ಮೇಲೇಳುತ್ತಿದ್ದವು, ಪರಿಚಯದವರು ಪಿನ್ನಕ್ಕ ಎಂದು ಕೈಯೆತ್ತಿದರು.

“ನಾನು ಸುಮ್ನಿದ್ದಿದ್ರೆ ಸಿಗ್ತಿತ್ತಾ?” ಎಂದು ಅರ್ಧ ದಾರಿಯಲ್ಲಿ ಮಾವ ಕೇಳಿದರು.

“ಸಿಗ್ತಿತ್ತು ಮಾವ.”

“ಅವಳು ನಿನ್ನ ಕಣ್ಣಿಗೇನಾಗಿತ್ತು ಅಂದ್ಳು.”

“ಅನ್ನಲಿ. ನಾನು ಅನ್ನಿಸಿಕೊಳ್ಳೋಕೆ ತಯಾರಾಗೇ ಹೋಗಿದ್ದೆ. ನಿಮಗೇ ತಡೀಲಿಲ್ಲ.”

ಮಾವ ನಡಿಗೆ ನಿಧಾನ ಮಾಡಿದರು. ಸೊಸೆ ಮಾಡಲಿಲ್ಲ. ಮನೆಯ ಬಾಗಿಲಲ್ಲಿ ಮಾತ್ರ ನಿಂತು, ಅವರು ಬಂದು ಮೆಟ್ಟಿಲು ಹತ್ತುವವರೆಗೆ ಕಾದಳು.

ಮಧ್ಯಾಹ್ನ ಎಲ್ಲರೂ ಮೇಜಿಗೆ ಕೂತರು. ಮಗಳಿಗೆ ರಜೆಯಿತ್ತು. ಗಂಡ ಅಂಗಡಿಯ ಬಾಗಿಲು ಎಳೆದು ಬಂದಿದ್ದ. ಅತ್ತೆ ಬಡಿಸುತ್ತ ಒಬ್ಬೊಬ್ಬರ ಮುಖ ನೋಡಿದರು. ಕೊನೆಗೆ ಗಂಡನೇ ಹೆಂಡತಿಯ ಕಡೆ ತಿರುಗಿದ.

“ಏನಾಯ್ತು? ಏನಂದ್ರು?”

ಸೊಸೆ ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು.

“ನಾನು ಹಾಳು ಮಾಡಿದೆ. ಎರಡು ಸಲ.”

“ಎರಡು ಸಲ ಹೇಗೆ ಅಜ್ಜ?” ಎಂದಳು ಮಗಳು.

ಮಾವ ಸೊಸೆಯನ್ನು ನೋಡಿದರು. ಹೋಗಲಿ ಬಿಡಿ ಮಾವ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಹದಿನೇಳು ವರ್ಷದಲ್ಲಿ ಎಷ್ಟು ಸಲ ಅಂದಿದ್ದಳೋ ಆ ಮಾತನ್ನು. ಆದರೆ ಇದು ಹೋಗಲಿ ಬಿಡಿ ಎನ್ನುವಂಥದ್ದಾಗಿರಲಿಲ್ಲ. ಅವಳು ಪಲ್ಯದ ಬಟ್ಟಲನ್ನು ಅವರ ಕಡೆ ಸರಿಸಿದಳು, ಆ ಮಾತನ್ನು ಆಡಲಿಲ್ಲ.